ಕೊಡಗಿನ ಮಳೇಲಿ ಫ್ರೀಷಿಯನ್ ಗಂಡು ಕುದುರೆ ಸಾಕೋದು, ಶೋ ಮಾಡಿಸೋದು, ಮರಿ ಮಾಡಿಸೋದು: ಸಮಗ್ರ ಮಾರ್ಗದರ್ಶಿ

ಮೊಬೈಲಲ್ಲಿ ಕಪ್ಪು ಕುದುರೆ ಜೂಲು ಹಾರಿಸ್ಕೊಂಡು ಓಡೋ ವಿಡಿಯೋ ನೋಡ್ಬಿಟ್ಟು "ಅಣ್ಣ ಇದು ಎಲ್ಲಿ ಸಿಗತ್ತೆ, ಎಷ್ಟಾಗತ್ತೆ, ನಮ್ಮ ತೋಟದಲ್ಲಿ ಸಾಕ್ಬಹುದಾ" ಅಂತ ಕೇಳೋರು ಜಾಸ್ತಿ ಆಗಿದಾರೆ, ಒಬ್ಬೊಬ್ರಿಗೆ ಫೋನಲ್ಲಿ ಹೇಳೋ ಬದಲು ಒಂದೇ ಸಲ ಕೂತು ಎಲ್ಲಾನೂ ಬರೀತಿದೀನಿ. ನಾವಿರೋದು ಸುಂಟಿಕೊಪ್ಪದ ಕಡೆ, ಕಾಫಿ ತೋಟ. ನಮ್ಮ ಲಾಯದಲ್ಲಿ ಫ್ರೀಷಿಯನ್ ಗಂಡು ಒಂದು ಉಂಟು, ಪೇಪರಲ್ಲಿ ಡಚ್ ಹೆಸರು, ಮನೇಲಿ ಕರಿಯ. ಆರು ಮಳೆಗಾಲ ನಮ್ಮ ಜೊತೆ ಕಳೆದಿದಾನೆ. ಈ ಆರು ವರ್ಷದಲ್ಲಿ ನಂಗೆ ಗಟ್ಟಿಯಾಗಿ ಗೊತ್ತಾಗಿದ್ದು ಅಂದ್ರೆ, ಈ ತಳಿಯಲ್ಲಿ ನೀವು ಯಾವುದನ್ನ ನೋಡಿ ಮರುಳಾಗ್ತೀರೋ ತೊಂದರೆ ಹುಟ್ಟೋದೂ ಅಲ್ಲೇ. ಕಾಲಿನ ಗೊಂಚಲು ಕೂದಲ ಒಳಗೆ ಹುಣ್ಣು, ಜೂಲಿನ ಬುಡದಲ್ಲಿ ತುರಿಕೆ, ಕಪ್ಪು ಮೈಗೆ ಬಿಸಿಲು ಆಗಲ್ಲ, ಶುದ್ಧ ರಕ್ತ ಅಂತ ಹೆಮ್ಮೆ ಪಡೋ ಜಾಗದಲ್ಲೇ ವಂಶದ ಕಾಯಿಲೆ. ಮುಂದೆ ಹೇಳೋದೆಲ್ಲ ಇದನ್ನ ತಲೇಲಿ ಇಟ್ಕೊಂಡೇ ಹೇಳ್ತಿರೋದು.

ಮೊದಲು ತಳಿ ಯಾವುದು ಅಂತ ಸ್ವಲ್ಪ

ಎಚ್‌ಎಫ್ ಹಸು ಎಲ್ರಿಗೂ ಗೊತ್ತು, ಹೋಲ್‌ಸ್ಟೀನ್ ಫ್ರೀಷಿಯನ್. ಆ ಫ್ರೀಷಿಯನ್ ಅನ್ನೋ ಹೆಸರು ಬಂದಿದ್ದು ಎಲ್ಲಿಂದಾನೋ ಈ ಕುದುರೆ ಹೆಸರೂ ಅಲ್ಲಿಂದಾನೇ, ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯ. ಇದರ ವಂಶಾವಳಿ ಪುಸ್ತಕ ಇಡೋ ಸಂಸ್ಥೆ ಕೆಎಫ್‌ಪಿಎಸ್, 1879ರಲ್ಲಿ ಶುರುವಾಗಿದ್ದು. 1913ರ ಹೊತ್ತಿಗೆ ಬ್ರೀಡಿಂಗಿಗೆ ಉಳಿದಿದ್ದು ಬರೀ ಮೂರು ಗಂಡು, ಪ್ರಿನ್ಸ್ 109, ಆಲ್ವಾ 113, ಫ್ರಿಸೋ 117. ಇವತ್ತಿನ ಅಷ್ಟೂ ಫ್ರೀಷಿಯನ್‌ಗಳ ಗಂಡು ಸಾಲು ಹಿಂದೆ ಹೋದ್ರೆ 1885ರಲ್ಲಿ ಹುಟ್ಟಿದ ನೆಮೋ 51 ಅನ್ನೋ ಒಂದೇ ಕುದುರೆ ಹತ್ರ ನಿಲ್ಲತ್ತೆ. ಅಂದ್ರೆ ಎಲ್ಲವೂ ಒಂದಕ್ಕೊಂದು ಹತ್ತಿರದ ಸಂಬಂಧಿಕರೇ. ಇದನ್ನ ಈಗ ಯಾಕೆ ಹೇಳ್ತಿದೀನಿ ಅನ್ನೋದು ಬ್ರೀಡಿಂಗ್ ಭಾಗಕ್ಕೆ ಬಂದಾಗ ಗೊತ್ತಾಗತ್ತೆ.

ಬಣ್ಣ ಕಪ್ಪು ಮಾತ್ರ. ಹಣೇಲಿ ಚಿಕ್ಕ ನಕ್ಷತ್ರ ಇದ್ರೆ ನಡೆಯತ್ತೆ, ಕಾಲಲ್ಲಿ ಬಿಳಿ ಇದ್ರೆ ಆಗಲ್ಲ. ಬ್ರೀಡಿಂಗ್ ಗಂಡು ಸುಮಾರು 160 ಸೆಂಟಿಮೀಟರ್ ಎತ್ತರ ಇರ್ಬೇಕು, ಭುಜದ ಮೇಲಿನ ಉಬ್ಬಿಗೆ ಅಳೆಯೋದು, ತಲೆಗಲ್ಲ.

ಹಂತ 1: ಗಂಡೇ ಬೇಕಾ, ಯೋಚಿಸಿ

ಸವಾರಿಗೆ, ನೋಡೋಕೆ, ಮಕ್ಕಳಿಗೆ ಅಂತ ಆದ್ರೆ ಬೀಜ ತೆಗೆಸಿದ ಗಂಡು ತಗೊಳ್ಳಿ. ಜೂಲು ಅದೇ, ಕಾಲು ಅದೇ, ಓಟ ಅದೇ. ಬೀಜದ ಗಂಡು ಅಂದ್ರೆ ದಿನಾ ಗಟ್ಟಿ ಮನುಷ್ಯ ಒಬ್ಬ ಜೊತೆಗಿರ್ಬೇಕು, ಗಟ್ಟಿ ಬೇಲಿ ಬೇಕು, ಪಕ್ಕದ ತೋಟದವರು ಹೆಣ್ಣು ಕುದುರೆ ಮೇಲೆ ಬಂದ್ರೂ ನಿಮಗೆ ತಲೆಬಿಸಿ. ಫ್ರೀಷಿಯನ್ ಸ್ವಭಾವ ಉಳಿದ ತಳಿಗಿಂತ ಮೆದು ಅಂತಾರೆ, ನಿಜಾನೇ, ಕರಿಯ ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿದ್ದೆ ಮಾಡ್ತಾನೆ, ಆದ್ರೆ 600 ಕೆಜಿ ಹತ್ತಿರ ತೂಕದ ಪ್ರಾಣಿ ಬೆದೆಯ ವಾಸನೆ ಹಿಡಿದ ದಿನ ಆ ಮೆದು ಸ್ವಭಾವ ನಂಬ್ಕೊಂಡು ಹಗ್ಗ ಸಡಿಲ ಬಿಡೋ ಹಾಗಿಲ್ಲ. ವಾರಕ್ಕೆರಡು ದಿನ ಬೆಂಗಳೂರಿಂದ ಬಂದು ನೋಡ್ಕೋತೀನಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳೋದು.

ಒಂಟಿಯಾಗಿ ಇಡಬೇಡಿ, ಅದೂ ಮುಖ್ಯ. ಕುದುರೆ ಗುಂಪಿನ ಪ್ರಾಣಿ. ನಮ್ಮಲ್ಲಿ ಬೀಜ ತೆಗೆಸಿದ ಮುದಿ ಕುದುರೆ ಒಂದನ್ನ ಪಕ್ಕದ ಲಾಯದಲ್ಲಿ ಇಟ್ಟಿದೀವಿ, ಮಧ್ಯೆ ಕಂಬಿ, ಮೂಗು ಮೂಸ್ಬಹುದು ಕಚ್ಚೋಕಾಗಲ್ಲ. ಅವನು ಬಂದ ಮೇಲೆ ಕರಿಯ ಲಾಯದ ಗೋಡೆ ಒದೆಯೋದು ನಿಂತೇ ಹೋಯ್ತು.

ಹಂತ 2: ಪೇಪರು, ಪರೀಕ್ಷೆ, ಆಮೇಲೆ ದುಡ್ಡು

ಎರಡು ದಾರಿ. ಒಂದು, ಹೊರಗಿಂದ ತರಿಸೋದು. ಅದಕ್ಕೆ ಕೇಂದ್ರದ ಪಶುಸಂಗೋಪನೆ ಇಲಾಖೆಯಿಂದ ಆಮದು ಪರ್ಮಿಟ್, ಅಲ್ಲಿಯ ಸರ್ಕಾರಿ ವೆಟ್ (ಪಶುವೈದ್ಯ) ಕೊಡೋ ಹೆಲ್ತ್ ಸರ್ಟಿಫಿಕೇಟ್, ಹೊರಡೋ ಮುಂಚೆ ಅಲ್ಲಿ, ಇಳಿದ ಮೇಲೆ ಇಲ್ಲಿ ಕ್ವಾರಂಟೈನ್, ಎಲ್ಲ ಬೇಕು. ಸಾಗಾಟ ವಿಮಾನದಲ್ಲಿ. ಇದನ್ನ ಮಾಡೋ ಏಜೆಂಟ್ ಮೂಲಕವೇ ಮಾಡ್ಸಿ, ಮತ್ತೆ ಜುಲೈ ತಿಂಗಳಲ್ಲಿ ಮಾತ್ರ ತರಿಸ್ಬೇಡಿ, ಅಲ್ಲಿಯ ಒಣ ಲಾಯದಿಂದ ನೇರ ನಮ್ಮ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಬಂದು ಇಳಿದ್ರೆ ಪಾಪ ಪ್ರಾಣಿ ಸೋತು ಹೋಗತ್ತೆ. ನವೆಂಬರಿಂದ ಜನವರಿ ಒಳಗೆ ಬಂದ್ರೆ ಹೊಂದ್ಕೊಳ್ಳೋಕೆ ಟೈಮ್ ಸಿಗತ್ತೆ.

ಇನ್ನೊಂದು, ಆಗಲೇ ಭಾರತಕ್ಕೆ ಬಂದಿರೋದನ್ನ ತಗೊಳ್ಳೋದು. ನಾವು ಮಾಡಿದ್ದು ಇದೇ. ಇಲ್ಲಿ ಮೋಸ ಹೋಗೋದು ಸುಲಭ, ಯಾಕಂದ್ರೆ ಕಪ್ಪಗಿದ್ದು ಜೂಲು ಉದ್ದ ಇದ್ದಿದ್ದನ್ನೆಲ್ಲ ಫ್ರೀಷಿಯನ್ ಅಂತಲೇ ಮಾರ್ತಾರೆ. ಪಾಸ್‌ಪೋರ್ಟ್ ಕೇಳಿ, ಅದರಲ್ಲಿ 15 ಅಂಕಿಯ ಚಿಪ್ ನಂಬರ್ ಇರತ್ತೆ, ಸ್ಕ್ಯಾನರ್ ಹಿಡಿದು ಕುತ್ತಿಗೆಯ ಎಡಗಡೆ ನೋಡಿ, ಎರಡೂ ಒಂದೇ ನಂಬರ್ ಬರಬೇಕು. ಬರಲಿಲ್ಲ ಅಂದ್ರೆ ಚಹಾ ಕುಡಿದು ವಾಪಸ್ ಬನ್ನಿ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ವಂಶಾವಳಿ ಪೇಪರ್ ಇದ್ದ ಮಾತ್ರಕ್ಕೆ ಆ ಗಂಡು ಬ್ರೀಡಿಂಗಿಗೆ ಅಪ್ರೂವ್ ಆಗಿದೆ ಅಂತ ಅಲ್ಲ. ಅಪ್ರೂವ್ ಆದ ಗಂಡಿಗೆ ಹೆಸರಿನ ಮುಂದೆ ನಂಬರ್ ಇರತ್ತೆ, ಯಾಸ್ಪರ್ 366 ಅನ್ನೋ ಥರ. ಆ ನಂಬರ್ ಇಲ್ಲದ ಗಂಡಿನ ಮರಿಗೆ ಕೆಎಫ್‌ಪಿಎಸ್‌ನ ಮುಖ್ಯ ಪುಸ್ತಕದಲ್ಲಿ ಜಾಗ ಸಿಗಲ್ಲ. ಅಪ್ರೂವ್ ಆದ ಗಂಡನ್ನ ಯಾರೂ ಸುಮ್ಮನೆ ಕೊಡೋದೂ ಇಲ್ಲ. "ಬ್ರೀಡಿಂಗ್ ಸ್ಟಾಲಿಯನ್" ಅಂತ ಮಾರೋರಿಗೆ ನಂಬರ್ ಎಷ್ಟು ಅಂತ ಒಂದು ಮಾತು ಕೇಳಿ, ಉತ್ತರದಲ್ಲೇ ಎಲ್ಲ ಗೊತ್ತಾಗತ್ತೆ. ಕರಿಯನಿಗೆ ನಂಬರ್ ಇಲ್ಲ, ಅದು ಗೊತ್ತಿದ್ದೇ ತಗೊಂಡಿದ್ದು.

ಪರೀಕ್ಷೆ ಮಾಡ್ಸಬೇಕಾದ್ದು: ಕಾಲಿನ ಕೀಲುಗಳ ಎಕ್ಸ್‌ರೇ, ಹೃದಯ, ಕಣ್ಣು, ವೀರ್ಯ ಪರೀಕ್ಷೆ, ಆಮೇಲೆ ಕೂದಲ ಬುಡ ಕಿತ್ತು ಕಳಿಸೋ ಜೀನ್ ಟೆಸ್ಟ್ ಎರಡು, ಕುಬ್ಜತನದ್ದು ಒಂದು, ತಲೇಲಿ ನೀರು ತುಂಬೋ ಹೈಡ್ರೋಸೆಫಾಲಸ್‌ದು ಒಂದು. ಇವೆರಡೂ ಇಲ್ಲದೆ ಗಂಡು ತಗೋಬೇಡಿ. ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆ ಅಂತೂ ಬಿಡೋ ಹಾಗೇ ಇಲ್ಲ, ಅದು ಮನುಷ್ಯರಿಗೂ ಅಂಟೋ ಕಾಯಿಲೆ, ಕನ್ಫರ್ಮ್ ಆದ್ರೆ ಕಾನೂನು ಪ್ರಕಾರ ಕುದುರೆನ ಕೊಲ್ಲಲೇಬೇಕು. ಹಿಸಾರ್‌ನಲ್ಲಿರೋ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆಗೆ ದೊಡ್ಡ ಜಾಗ.

ಮತ್ತೆ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ, ಅವನು ಹುಲ್ಲು ತಿನ್ನೋದನ್ನ ಅರ್ಧ ಗಂಟೆ ನಿಂತು ನೋಡಿ. ಮೂಗಲ್ಲಿ ನೊರೆ, ಮೇವಿನ ಹಸಿರು ನೀರು ಬಂದ್ರೆ, ಕುತ್ತಿಗೆಯ ಎಡಗಡೆ ಕೆಳಗೆ ಉಬ್ಬಿದ್ರೆ, ಅನ್ನನಾಳ ಹಿಗ್ಗೋ ಕಾಯಿಲೆ ಇರಬಹುದು, ಈ ತಳಿಯಲ್ಲಿ ಅದು ಬೇರೆ ತಳಿಗಿಂತ ಜಾಸ್ತಿ.

ಹಂತ 3: ಲಾಯ ಎಲ್ಲಿ ಕಟ್ಟೋದು

ನಾವು ಮೊದಲು ಮಾಡಿದ ತಪ್ಪು ಇದು. ನೀರು ಹತ್ರ, ರಸ್ತೆ ಹತ್ರ ಅಂತ ಗದ್ದೆ ಪಕ್ಕದಲ್ಲಿ ಕಟ್ಟಿದ್ವಿ. ಕೆಸರು, ನಿಂತ ನೀರು, ಸಗಣಿ ಇರೋ ಕಡೆ ಹುಟ್ಟೋ ಸಣ್ಣ ನುಸಿ ಉಂಟಲ್ಲ, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ, ಅದು ಕಚ್ಚಿದ್ರೆ ಫ್ರೀಷಿಯನ್‌ಗೆ ಅಲರ್ಜಿ, ಸ್ವೀಟ್ ಇಚ್ ಅಂತಾರೆ. ಮೊದಲ ವರ್ಷ ಸೆಪ್ಟೆಂಬರ್ ಹೊತ್ತಿಗೆ ಕರಿಯ ಜೂಲಿನ ಬುಡಾನ ಕಂಬಕ್ಕೆ ಉಜ್ಜಿ ಉಜ್ಜಿ ಒಂದು ಗೇಣು ಜಾಗ ಬೋಳಾಗಿ ರಕ್ತ ಬಂದಿತ್ತು, ಬಾಲದ ಬುಡದಲ್ಲೂ ಹಾಗೇ. ಜೂಲು ವಾಪಸ್ ಬರೋಕೆ ಎರಡು ವರ್ಷ ಹಿಡೀತು. ಆಮೇಲೆ ಲಾಯಾನ ಮೇಲೆ ಗುಡ್ಡದ ದಿಣ್ಣೆಗೆ, ಗಾಳಿ ಬೀಸೋ ಕಡೆಗೆ ಎತ್ತಿದ್ವಿ. ಈ ನುಸಿಗೆ ಗಾಳಿ ಎದುರು ಹಾರೋ ಶಕ್ತಿ ಇಲ್ಲ, ಅದಕ್ಕೇ ಒಳಗೆ ದೊಡ್ಡ ಫ್ಯಾನ್ ಹಾಕಿದೀವಿ, ಕಿಟಕಿಗೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಲೆ. ಬೆಳಕು ಹರಿಯೋ ಹೊತ್ತು, ಸಂಜೆ ಮಬ್ಬು, ಈ ಎರಡು ಹೊತ್ತು ನುಸಿ ಜಾಸ್ತಿ, ಆಗ ಒಳಗೇ ಇರಲಿ.

ಗಂಡಿಗೆ 14 ಅಡಿ ಉದ್ದ 14 ಅಡಿ ಅಗಲ ಕೊಡಿ. ನೆಲಕ್ಕೆ ರಬ್ಬರ್ ಮ್ಯಾಟ್, ಮೇಲೆ ಮರದ ಮಿಲ್ಲಿನ ಸಿಪ್ಪೆ, ಒಣಗಿದ್ದು. ಇಲ್ಲಿ ತೋಟದವರಿಗೆ ಒಂದು ಮಾತು, ಕಾಫಿ ಹೊಟ್ಟು ಬಿಟ್ಟಿ ಸಿಗತ್ತೆ ಅಂತ ಹಾಸ್ಬೇಡಿ. ಕುದುರೆ ಹಾಸಿದ್ದನ್ನ ತಿನ್ನತ್ತೆ, ಹೊಟ್ಟಲ್ಲಿ ಕೆಫೀನ್ ಇರತ್ತೆ, ಕೆಫೀನ್ ಅಂತಾರಾಷ್ಟ್ರೀಯ ಫೆಡರೇಶನ್ ಎಫ್‌ಇಐ ನಿರ್ಬಂಧಿಸಿರೋ ಪದಾರ್ಥಗಳ ಪಟ್ಟೀಲಿ ಉಂಟು. ಶೋಗೆ ಹೋಗಿ ಮೂತ್ರ ಪರೀಕ್ಷೇಲಿ ಸಿಕ್ಕಿಬಿದ್ರೆ ಹೊಟ್ಟು ಹಾಸಿದ್ದೆ ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ. ಕಾಫಿ ಒಣಗಿಸೋ ಕಣದ ಕಡೆ, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಗುಂಡಿ ಕಡೆ ಕುದುರೆ ಕಟ್ಟೋದೂ ಬೇಡ.

ಬೇಲಿ ಐದೂವರೆ ಅಡಿ ಎತ್ತರ, ಪೈಪ್ ಕಂಬ, ಅಡ್ಡ ಕಂಬಿ. ಮುಳ್ಳು ತಂತಿ ಖಂಡಿತ ಬೇಡ, ಗಂಡು ಬೇಲಿಗೆ ಎದೆ ಕೊಟ್ಟು ತಳ್ತಾನೆ, ಮುಂಗಾಲು ಎತ್ತಿ ಹಾಕ್ತಾನೆ, ಹರಿದ್ರೆ ಮೂಳೆ ಕಾಣೋ ಹಾಗೆ ಹರಿಯತ್ತೆ. ಬೇಲಿ ಸಾಲಲ್ಲಿ ಕಣಗಿಲೆ ಇದ್ರೆ ಬುಡಸಮೇತ ಕೀಳಿಸಿ, ಲಂಟಾನಾನೂ ಅಷ್ಟೇ, ಎರಡೂ ವಿಷ. ಆನೆ ಓಡಾಡೋ ಕಡೆ ರಾತ್ರಿ ಹೊರಗೆ ಬಿಡೋ ಮಾತೇ ಇಲ್ಲ, ಸೋಲಾರ್ ಬೇಲಿ ಇದ್ರೂ ಬಿಡಬೇಡಿ.

ಹಂತ 4: ಮೇವು

ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ಲೆಕ್ಕ, ಅಂದ್ರೆ 600 ಕೆಜಿ ಕುದುರೆಗೆ 9ರಿಂದ 12 ಕೆಜಿ. ಉಳಿದಿದ್ದೆಲ್ಲ ಆಮೇಲೆ. ಹಸುಗೆ ಅಂತ ಬೆಳೆದ ನೇಪಿಯರ್ ಉಂಟಲ್ಲ, ಅದನ್ನೇ ಕತ್ತರಿಸಿ ಹಾಕಿದ್ರೆ ಆಯ್ತು ಅಂತ ಎಲ್ರೂ ಅಂದ್ಕೋತಾರೆ. ಹಸು ಬೇರೆ ಕುದುರೆ ಬೇರೆ. ನೇಪಿಯರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಹೊಟ್ಟೇಲಿ ಕ್ಯಾಲ್ಸಿಯಂನ ಹಿಡ್ಕೊಂಡುಬಿಡತ್ತೆ, ತಿಂಗಳುಗಟ್ಟಲೆ ಅದೇ ತಿಂದ್ರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯೋಕೆ ಶುರು ಮಾಡತ್ತೆ, ಮುಖದ ಮೂಳೆ ಊದಿ ಕುಂಟೋದು ಬರತ್ತೆ. ಮೇಲಿಂದ ಗೋಧಿ ಬೂಸಾ ಧಾರಾಳ ಹಾಕಿದ್ರೆ ಇನ್ನೂ ಬೇಗ, ಬೂಸಾದಲ್ಲಿ ಫಾಸ್ಫರಸ್ ಜಾಸ್ತಿ. ನಾವು ರೋಡ್ಸ್ ಹುಲ್ಲಿನ ಒಣ ಬೇಲ್ ಬಯಲುಸೀಮೆ ಕಡೆಯಿಂದ ತರಿಸ್ತೀವಿ, ಏಪ್ರಿಲಲ್ಲೇ ಮಳೆಗಾಲ ಪೂರ್ತಿದು ಒಟ್ಟಿಗೆ ತಂದು ಅಟ್ಟದ ಮೇಲೆ ಹಲಗೆ ಹಾಕಿ ಜೋಡಿಸ್ತೀವಿ. ಬೂಷ್ಟು ಹಿಡಿದ ಬೇಲ್ ಒಂದನ್ನೂ ಹಾಕ್ಬೇಡಿ, ದುಡ್ಡು ಹೋದ್ರೆ ಹೋಗ್ಲಿ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆಗೆ ಹೋಗಿದ್ದು ಹೋಗಿದ್ದೇ.

ಹುರುಳಿ ನಮ್ಮ ಹಿರಿಯರು ಕೊಡ್ತಿದ್ದಿದ್ದೇ, ಬೇಯಿಸಿ ಸ್ವಲ್ಪ ಕೊಡಿ, ಫ್ರೀಷಿಯನ್ ಕಮ್ಮಿ ತಿಂದ್ರೂ ಮೈ ಹಿಡಿಯೋ ತಳಿ, ಕಾಳು ಜಾಸ್ತಿ ಆದ್ರೆ ಕೊಬ್ಬು, ಕೊಬ್ಬಾದ್ರೆ ಗೊರಸಿಗೆ ಉರಿ. ದಿನಾ ಒಂದು ಹಿಡಿ ಉಪ್ಪು. ನೀರು 30ರಿಂದ 50 ಲೀಟರ್, ಬೇಸಿಗೇಲಿ ಅದಕ್ಕಿಂತ ಜಾಸ್ತಿ.

ಹಂತ 5: ಮಳೆಗಾಲದ ಕಾಲು

ಇದೊಂದು ಭಾಗ ಓದಿ ಉಳಿದಿದ್ದು ಬಿಟ್ರೂ ಪರವಾಗಿಲ್ಲ, ಯಾಕಂದ್ರೆ ಕೊಡಗಲ್ಲಿ ಫ್ರೀಷಿಯನ್ ಸೋಲೋದು ಗೆಲ್ಲೋದು ಕಾಲಲ್ಲೇ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟೋ ಮಳೆ, ಅದರಲ್ಲಿ ಮುಕ್ಕಾಲು ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ. ಕಾಲಿನ ಕೂದಲು ಒಂದು ಸಲ ನೆಂದ್ರೆ ಒಣಗೋಕೆ ದಿನ ಪೂರ್ತಿ ಬೇಕು, ಒಳಗೆ ಚರ್ಮ ಬಿಸಿನೀರಲ್ಲಿ ಬೆಂದ ಹಾಗೆ ಮೆತ್ತಗಾಗತ್ತೆ, ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ.

ಎರಡನೇ ವರ್ಷ ಕಕ್ಕಡದಲ್ಲಿ ಒಂದು ಸಂಜೆ. ಹೊರಗಿಂದ ನೋಡಿದ್ರೆ ಕಾಲು ಚೆನ್ನಾಗಿತ್ತು, ಕೂದಲು ಹೊಳೀತಿತ್ತು, ನಮ್ಮ ಸೈಸ್, ಅಂದ್ರೆ ಕುದುರೆ ನೋಡ್ಕೊಳ್ಳೋ ಆಳು, ಹಣೆಗೆ ಟಾರ್ಚ್ ಕಟ್ಕೊಂಡು ಹಿಂಗಾಲು ಹತ್ರ ಕುಕ್ಕರುಗಾಲಲ್ಲಿ ಕೂತು ಗೊರಸಿನ ಮೇಲಿನ ಕುಳಿಯಲ್ಲಿ ಕೂದಲು ಎಡಕ್ಕೆ ಬಲಕ್ಕೆ ಬಿಡಿಸಿ ನೋಡ್ತಿದ್ದ. ಬೆರಳ ತುದಿಗೆ ಸಾಸಿವೆಯಷ್ಟು ಒರಟು ಏನೋ ಸಿಕ್ತು ಅಂದ. ನಾನೂ ಮುಟ್ಟಿ ನೋಡಿದೆ, ಒಂದಲ್ಲ, ಸಾಲಾಗಿ ಆರೇಳು ಹಕ್ಕಳೆ, ಒಂದನ್ನ ಉಗುರಲ್ಲಿ ಎತ್ತಿದ್ರೆ ಕೆಳಗೆ ಕೆಂಪು ಮಾಂಸ, ಹಳದಿ ನೀರು, ಕರಿಯ ಕಾಲು ಝಾಡಿಸಿ ಎಳ್ಕೊಂಡ. ಆ ಪಕ್ಕದಲ್ಲೇ ಕೂದಲ ನಡುವೆ ರಕ್ತ ಕುಡಿದು ದ್ರಾಕ್ಷಿ ಥರ ಆಗಿದ್ದ ಜಿಗಣೆ ಒಂದು. ಅವತ್ತು ಬೆರಳಲ್ಲಿ ನೋಡದೇ ಇದ್ದಿದ್ರೆ ಇನ್ನೊಂದು ವಾರಕ್ಕೆ ಕಾಲು ಕಂಬ ಆಗ್ತಿತ್ತು. ಈ ತಳಿಯಲ್ಲಿ ಕಾಲಿನ ಊತ ಒಂದು ಸಲ ಗಟ್ಟಿಯಾದ್ರೆ ಪೂರ್ತಿ ಇಳಿಯೋದು ಕಷ್ಟ, ಚರ್ಮ ಮಡಿಕೆ ಮಡಿಕೆ ಆಗಿ ಗಂಟು ಕಟ್ಟತ್ತೆ.

ಅಲ್ಲಿಂದ ನಮ್ಮ ಪದ್ಧತಿ ಹೀಗೆ. ಮಳೆಗಾಲದಲ್ಲಿ ದಿನಾ ಪೈಪ್ ಹಿಡಿದು ಕಾಲು ತೊಳೆಯೋದು ನಿಲ್ಲಿಸಿದ್ವಿ, ಕೆಸರು ಒಣಗೋಕೆ ಬಿಟ್ಟು ಮೆತ್ತನೆ ಬ್ರಷ್‌ನಲ್ಲಿ ಉದುರಿಸೋದು. ತೊಳೀಲೇಬೇಕು ಅಂದ ದಿನ ಮಾತ್ರ ತೊಳೆದು, ಹತ್ತಿ ಟವೆಲಲ್ಲಿ ಹಿಂಡಿ ಒರೆಸಿ, ತಣ್ಣನೆ ಗಾಳಿ ಬಿಡೋ ಬ್ಲೋವರ್ ಹಿಡಿದು ಬುಡದವರೆಗೂ ಒಣಗಿಸೋದು, ಎರಡು ಹಿಂಗಾಲಿಗೇ ಅರ್ಧ ಗಂಟೆ ಬೇಕು. ಹಕ್ಕಳೆ ಸಿಕ್ಕಿದ್ರೆ ಕಿತ್ತು ಹಾಕ್ಬೇಡಿ, ವೆಟ್ ಹೇಳಿದ ಪ್ರಮಾಣಕ್ಕೆ ತೆಳು ಮಾಡಿದ ಕ್ಲೋರ್‌ಹೆಕ್ಸಿಡಿನ್ ಅನ್ನೋ ಸೋಂಕುನಾಶಕ ಹಾಕಿ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಮೇಲೆ ಬಂದಷ್ಟು ತೆಗೀರಿ, ಮತ್ತೆ ಒಣಗಿಸಿ. ಎಣ್ಣೆ, ಗ್ರೀಸ್ ಹಚ್ಚೋದು ಒಣ ಚರ್ಮಕ್ಕೆ ಮಾತ್ರ, ಒದ್ದೆ ಮೇಲೆ ಹಚ್ಚಿದ್ರೆ ಒದ್ದೆ ಒಳಗೇ ಉಳಿಯತ್ತೆ. ರಾತ್ರಿ ನೆಲಕ್ಕೆ ಕಾಲು ಬಡೀತಾ ಇದ್ರೆ, ಕಾಲಿಗೆ ಕಾಲು ಉಜ್ಜಿದ್ರೆ ಕೂದಲಲ್ಲಿ ಮೈಟ್ ಅನ್ನೋ ಸಣ್ಣ ಹುಳ ಸೇರಿರ್ಬಹುದು, ಕಣ್ಣಿಗೆ ಕಾಣಲ್ಲ, ವೆಟ್ ಚರ್ಮ ಕೆರೆದು ನೋಡ್ಬೇಕು. ಹುಣ್ಣು ಹಟ ಹಿಡಿದ್ರೆ ಕೂದಲು ಕತ್ತರಿಸ್ಬಿಡಿ. ಶೋ ಹೋಗತ್ತೆ ಅಂತ ಜನ ಕತ್ತರಿಸಲ್ಲ. ಕೂದಲು ಬರತ್ತೆ, ಕಾಲು ಬರಲ್ಲ. ನಾವು ಆ ವರ್ಷ ನಾಲ್ಕು ಕಾಲೂ ಕತ್ತರಿಸಿದ್ವಿ, ನನ್ನ ಹೆಂಡತಿ ಒಂದು ವಾರ ಲಾಯದ ಕಡೆ ಬರಲಿಲ್ಲ, ನೋಡೋಕಾಗಲ್ಲ ಅಂತ.

ಜೂಲು ಬಾಲಕ್ಕೆ ಬಂದ್ರೆ, ದಿನಾ ಬಾಚೋದು ಬೇಡ, ಬೆರಳಲ್ಲೇ ಬಿಡಿಸಿ. ಆರೇಳು ದಪ್ಪ ಜಡೆ ಸಡಿಲ ಹಾಕಿ ವಾರಕ್ಕೊಂದು ಸಲ ಬಿಚ್ಚಿ ಹೊಸದಾಗಿ ಹೆಣೀರಿ. ಬಾಲದ ಮೂಳೆ ಮುಗಿದ ಕೆಳಗಿನ ಕೂದಲನ್ನ ಮಾತ್ರ ಹೆಣೆದು ಮೇಲೆತ್ತಿ ಕಟ್ಟಿ, ಮೂಳೆ ಸುತ್ತ ಬಿಗಿದ್ರೆ ರಕ್ತ ಓಡಲ್ಲ. ಬೇಸಿಗೇಲಿ ಬೆವರು ಒಣಗೋಕೆ ಬಿಡದೇ ತೊಳೀರಿ, ಇಲ್ಲಾಂದ್ರೆ ಬಿಸಿಲಿಗೆ ಕಪ್ಪು ಹೋಗಿ ಕಂದು ಬರತ್ತೆ. ಮಾರ್ಚ್ ಏಪ್ರಿಲಲ್ಲಿ ಕೆಲಸ ಎಲ್ಲ ಬೆಳಗ್ಗೆ 8 ಗಂಟೆ ಒಳಗೆ ಮುಗಿಸಿ.

ಹಂತ 6: ಪಳಗಿಸೋದು

ಕೈಯಲ್ಲಿ ಬೆಲ್ಲ, ಕ್ಯಾರೆಟ್ ಕೊಡೋ ಅಭ್ಯಾಸ ಗಂಡಿಗೆ ಬೇಡ, ಕಚ್ಚೋದು ಶುರುವಾಗೋದೇ ಅಲ್ಲಿ, ಬಕೆಟಲ್ಲಿ ಹಾಕಿ. ಹಗ್ಗ ಉದ್ದ ಇರಲಿ, ಕೈಗೆ ಸುತ್ಕೋಬೇಡಿ. ನೀವು ನಿಂತ್ರೆ ಅವನು ನಿಲ್ಬೇಕು, ಹಿಂದೆ ಅಂದ್ರೆ ಹಿಂದೆ ಹೋಗ್ಬೇಕು, ಇದನ್ನ ದಿನಾ ಹತ್ತು ನಿಮಿಷ, ಹೊಡೆಯದೇ, ಕೂಗದೇ, ಒಂದೇ ಥರ. ಮನೇಲಿ ಮೂರು ಜನ ಮೂರು ಥರ ಹೇಳಿದ್ರೆ ಗಂಡು ಕೆಡ್ತಾನೆ.

ನಮ್ಮ ಕಡೆ ಇನ್ನೊಂದು ಉಂಟು, ಕೋವಿ ಸದ್ದು. ಕೈಲ್ ಮುಹೂರ್ತ, ಪುತ್ತರಿ ಹಬ್ಬ ಅಂದ್ರೆ ಸುತ್ತಮುತ್ತ ಗುಂಡು ಹಾರತ್ತೆ, ಪಟಾಕಿ ಬೇರೆ. ಹೊಸ ಕುದುರೆ ಬಂದ ವರ್ಷ ಎರಡು ತಿಂಗಳು ಮುಂಚೆಯಿಂದಲೇ ಅಭ್ಯಾಸ ಮಾಡ್ಸಿ, ಮೇವು ಹಾಕೋ ಹೊತ್ತಲ್ಲಿ ದೂರದಲ್ಲಿ ಚಿಕ್ಕ ಸದ್ದು, ಅವನು ತಲೆ ಎತ್ತಿ ಮತ್ತೆ ಮೇವಿಗೆ ಬಾಯಿ ಹಾಕಿದ ಮೇಲೆ ಮಾರನೇ ದಿನ ಸ್ವಲ್ಪ ಹತ್ತಿರ. ಅಕ್ಕಪಕ್ಕದ ಮನೆಯವರಿಗೆ ಹೇಳಿದ್ರೆ ಪಾಪ ಅವರೂ ಸಹಕಾರ ಕೊಡ್ತಾರೆ. ಮದುವೆ ದಿಬ್ಬಣಕ್ಕೆ ಕೊಡ್ತೀರಾ, ಮಡಿಕೇರಿ ದಸರಾಗೆ ತರ್ತೀರಾ ಅಂತ ಕೇಳೋರಿಗೆ ಇಲ್ಲ ಅಂದ್ಬಿಡಿ. ಡಿಜೆ ಸದ್ದು, ರಾತ್ರಿ ಲೈಟು, ಕಾಲು ಹಾಕೋಕೆ ಜಾಗ ಇಲ್ಲದ ಜನ, ಅದು ಗಂಡು ಕುದುರೆ ನಿಲ್ಲೋ ಜಾಗ ಅಲ್ಲ, ಯಾರದ್ದಾದ್ರೂ ಮಗು ಅಡ್ಡ ಬಂದ್ರೆ ಏನು ಮಾಡ್ತೀರ.

ಹಂತ 7: ಶೋ

ಅಸಲಿ ಫ್ರೀಷಿಯನ್ ಶೋ ಅಂದ್ರೆ ಏನು ಅಂತ ಗೊತ್ತಿದ್ರೆ ಇಲ್ಲಿ ಹೇಗೆ ತಯಾರಿ ಮಾಡ್ಬೇಕು ಅಂತ ತಿಳಿಯತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಗಂಡುಗಳ ದೊಡ್ಡ ಶೋ ಪ್ರತಿ ಜನವರಿಯಲ್ಲಿ ಲೇವಾರ್ಡನ್ ಊರಲ್ಲಿ. ಕುದುರೆ ಮೇಲೆ ಯಾರೂ ಕೂರಲ್ಲ, ಬಿಳಿ ಬಟ್ಟೆ ಹಾಕಿದ ಓಟಗಾರ ಹಗ್ಗ ಹಿಡಿದು ಪಕ್ಕದಲ್ಲಿ ಓಡ್ತಾನೆ. ತೀರ್ಪುಗಾರರು ನೋಡೋದು ತಳಿಯ ಲಕ್ಷಣ, ಮೈಕಟ್ಟು, ಕಾಲು ಗೊರಸು, ನಡಿಗೆ, ಟ್ರಾಟ್ ಅನ್ನೋ ಮೆಲ್ಲನೆ ಓಟ. ವಯಸ್ಸಿಗೆ ಬಂದ ಗಂಡುಗಳಲ್ಲಿ ನೂರಾರು ಬಂದ್ರೆ ಕೊನೆಗೆ ಅಪ್ರೂವ್ ಆಗೋದು ಬೆರಳೆಣಿಕೆಯಷ್ಟು, ಅದೂ 70 ದಿನ ಸವಾರಿ, ಗಾಡಿ ಎಲ್ಲ ಪರೀಕ್ಷೆ ಆಗಿ. ಅಪ್ರೂವ್ ಆದ ಮೇಲೂ ಮರಿಗಳು ಹೇಗಿವೆ ನೋಡಿ ನಂಬರ್ ವಾಪಸ್ ತಗೊಳ್ಳೋದುಂಟು. ನಂಗೆ ಈ ಕಟ್ಟುನಿಟ್ಟು ಬಹಳ ಇಷ್ಟ.

ಇಲ್ಲಿ ನಮಗೆ ತೆರೆದಿರೋ ದಾರಿ ಡ್ರೆಸ್ಸಾಜ್, ಸವಾರನ ಸನ್ನೆಗೆ ಕುದುರೆ ಅಳೆದು ಹೆಜ್ಜೆ ಹಾಕೋ ಸ್ಪರ್ಧೆ. ಇಕ್ವೆಸ್ಟ್ರಿಯನ್ ಫೆಡರೇಶನ್ ಆಫ್ ಇಂಡಿಯಾ ನಿಯಮದ ಸ್ಪರ್ಧೆಗಳು ಬೆಂಗಳೂರಲ್ಲಿ ನಡೀತವೆ, ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 2023ರಲ್ಲಿ ನಮ್ಮ ತಂಡ ಡ್ರೆಸ್ಸಾಜ್ ಚಿನ್ನ ಗೆದ್ದ ಮೇಲೆ ಜನಕ್ಕೆ ಆಸಕ್ತಿನೂ ಬಂದಿದೆ. ಫ್ರೀಷಿಯನ್ ಮುಂಗಾಲು ಎತ್ತಿ ಹಾಕೋದ್ರಲ್ಲಿ ಗಟ್ಟಿ, ಟ್ರಾಟ್ ನೋಡೋಕೆ ಹಬ್ಬ, ಅದಕ್ಕಿಂತ ಜೋರಿನ ಕ್ಯಾಂಟರ್ ಓಟದಲ್ಲಿ ಸೋಲ್ತಾನೆ, ಯಾಕಂದ್ರೆ ತಳಿ ಬೆಳೆದಿದ್ದೇ ಗಾಡಿ ಎಳೆಯೋಕೆ. ಹಿಂಗಾಲಿನ ಬಲ ಬರ್ಲಿ ಅಂತ ನಾವು ತೋಟದ ರಸ್ತೆ ಏರಲ್ಲಿ ನಡಿಗೆಯಲ್ಲೇ ದಿನಾ ಅರ್ಧ ಗಂಟೆ ಹತ್ತಿಸ್ತೀವಿ, ಮೈದಾನದಲ್ಲಿ ಸುತ್ತು ಹೊಡೆಸೋದಕ್ಕಿಂತ ಇದು ಒಳ್ಳೇದು. ನಮ್ಮ ಏರು ರಸ್ತೆ ಬಯಲುಸೀಮೆಯವರಿಗೆ ಎಲ್ಲಿ ಸಿಗತ್ತೆ.

ಶೋಗೆ ಎರಡು ವಾರ ಮುಂಚೆ ಗೊರಸು ಕೆತ್ತಿಸಿ ಲಾಳ ಹೊಡೆಸಿ, ಹಿಂದಿನ ದಿನ ಅಲ್ಲ. ಹೊರಡೋ ಮುಂಚೆ ಗ್ಲ್ಯಾಂಡರ್ಸ್ ನೆಗೆಟಿವ್ ರಿಪೋರ್ಟ್, ಫ್ಲೂ ಮತ್ತೆ ಧನುರ್ವಾಯು ಲಸಿಕೆ ದಾಖಲೆ, ಪಾಸ್‌ಪೋರ್ಟ್ ಒಂದೇ ಫೈಲಲ್ಲಿ. ಗಾಡೀಲಿ ತಲೆ ಎತ್ತಿ ಬಿಗಿಯಾಗಿ ಕಟ್ಬೇಡಿ, ತಲೆ ಕೆಳಗೆ ಹಾಕೋಕೆ ಆಗದೇ ಇದ್ರೆ ಶ್ವಾಸಕೋಶಕ್ಕೆ ಧೂಳು ಇಳಿದು ಜ್ವರ ಬರತ್ತೆ. ಮೈಸೂರು ಹತ್ರ ಒಂದು ಸಲ ನಿಲ್ಸಿ, ನೀರು ತೋರ್ಸಿ, ಅರ್ಧ ಗಂಟೆ ಬಿಟ್ಟು ಮುಂದೆ ಹೋಗಿ.

ಹಂತ 8: ಮರಿ ಮಾಡಿಸೋದು

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ, ಬೇಜಾರು ಮಾಡ್ಕೋಬೇಡಿ. ಗಂಡು ಇದೆ ಅಂತ ಮರಿ ಮಾಡಿಸ್ಬೇಕಿಲ್ಲ. ನೆಮೋ 51ರ ಕತೆ ಮೇಲೆ ಹೇಳಿದ್ನಲ್ಲ, ಇಷ್ಟು ಹತ್ತಿರದ ರಕ್ತದಲ್ಲಿ ಅಡಗಿರೋ ದೋಷ ಸುಲಭವಾಗಿ ಮೇಲೆ ಬರತ್ತೆ. ಕುಬ್ಜತನ, ಹೈಡ್ರೋಸೆಫಾಲಸ್ ಎರಡೂ ಅಡಗಿ ಬರೋ ಜೀನ್, ಗಂಡಿಗೂ ಹೆಣ್ಣಿಗೂ ಒಂದೊಂದು ಪ್ರತಿ ಇದ್ದು ನೋಡೋಕೆ ಎರಡೂ ಚೆನ್ನಾಗೇ ಇರತ್ತೆ, ಕ್ರಾಸ್ ಮಾಡಿದ್ರೆ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ ಬರೋ ಸಾಧ್ಯತೆ. ಹೈಡ್ರೋಸೆಫಾಲಸ್ ಮರಿ ತಲೆ ಎಷ್ಟು ದೊಡ್ಡದು ಅಂದ್ರೆ ತಾಯಿ ಜೀವಕ್ಕೇ ಅಪಾಯ. ಎರಡೂ ಕಡೆ ಟೆಸ್ಟ್ ರಿಪೋರ್ಟ್ ಟೇಬಲ್ ಮೇಲೆ ಇಟ್ಟು ಆಮೇಲೆ ಮಾತು. ವಂಶಾವಳಿ ಹಾಳೆ ಪಕ್ಕಪಕ್ಕ ಹಿಡಿದು ಅಜ್ಜ ಮುತ್ತಜ್ಜನ ಸಾಲಲ್ಲಿ ಒಂದೇ ಹೆಸರು ಎಷ್ಟು ಸಲ ಬರತ್ತೆ ನೋಡಿ.

ಮಾರ್ವಾಡಿ ಹೆಣ್ಣಿಗೆ ಕ್ರಾಸ್ ಕೊಡಿ ಅಂತ ತುಂಬ ಜನ ಬರ್ತಾರೆ. ನಾನು ಕೊಡಲ್ಲ. ನಮ್ಮ ದೇಸಿ ತಳಿಯ ಒಳ್ಳೆ ಹೆಣ್ಣು ತನ್ನ ತಳಿಯ ಮರಿ ಹಾಕ್ಲಿ, ಅವುಗಳ ಸಂಖ್ಯೆಯೇ ಕಮ್ಮಿ. ಕೆಎಫ್‌ಪಿಎಸ್ ಕೂಡ ತನ್ನ ಅಪ್ರೂವ್ ಗಂಡನ್ನ ಬೇರೆ ತಳಿಯ ಹೆಣ್ಣಿಗೆ ಬಿಡೋಕೆ ಒಪ್ಪಲ್ಲ.

ಟೈಮ್ ಲೆಕ್ಕ ಹೀಗೆ. ಹೆಣ್ಣಿನ ಚಕ್ರ ಸುಮಾರು 21 ದಿನ, ಬೆದೆ ಐದರಿಂದ ಏಳು ದಿನ, ಮೊಟ್ಟೆ ಬಿಡೋದು ಬೆದೆ ಮುಗಿಯೋ ಒಂದೆರಡು ದಿನ ಮುಂಚೆ. ಗಬ್ಬ 11 ತಿಂಗಳು, 340 ದಿನ ಹತ್ರ. ಕೊಡಗಿಗೆ ಜನವರಿ ಫೆಬ್ರವರಿಯಲ್ಲಿ ಕ್ರಾಸ್ ಆದ್ರೆ ಪುತ್ತರಿ ಕಳೆದ ಮೇಲೆ, ಡಿಸೆಂಬರ್ ಜನವರಿಗೆ ಮರಿ, ಮುಂದಿನ ಮಳೆಗೆ ಇನ್ನೂ ಐದು ತಿಂಗಳು ಒಣ ನೆಲ. ಜೂನಲ್ಲಿ ಮರಿ ಹುಟ್ಟೋ ಹಾಗೆ ಮಾಡಿಸ್ಬೇಡಿ, ಒದ್ದೆ ನೆಲದಲ್ಲಿ ಹೊಕ್ಕುಳ ಸೋಂಕು ಬರತ್ತೆ.

ಕ್ರಾಸ್ ದಿನ: ಕ್ರಾಸಿಗೆ ಅಂತಲೇ ಬೇರೆ ಕಡಿವಾಣ ಇಟ್ಕೊಳ್ಳಿ, ಸವಾರಿಗೆ ಬೇರೆ. ಎರಡು ಸಲ ಆದ್ಮೇಲೆ ಕಡಿವಾಣ ನೋಡೇ ಅವನಿಗೆ ಇವತ್ತು ಏನು ಕೆಲಸ ಅಂತ ತಿಳಿಯತ್ತೆ, ಉಳಿದ ದಿನ ಸುಮ್ಮನಿರ್ತಾನೆ. ಹೆಣ್ಣಿನ ಬಾಲಕ್ಕೆ ಬ್ಯಾಂಡೇಜ್ ಸುತ್ತಿ, ಹಿಂಭಾಗ ತೊಳೆದು ಒರೆಸಿ. ಗಂಡಿಗೆ ಬರೀ ಉಗುರುಬೆಚ್ಚಗಿನ ನೀರು, ಸೋಪು ಬೇಡ. ಹೆಣ್ಣು ಬಾಲ ಎತ್ತಿ ನಿಲ್ಲಲಿಲ್ಲ ಅಂದ್ರೆ ಅವತ್ತು ಬಿಟ್ಬಿಡಿ, ಬಲವಂತ ಮಾಡಿದ್ರೆ ಒದೆ ಬಿದ್ದು ಗಂಡು ಜೀವನಪೂರ್ತಿ ಹೆದರ್ತಾನೆ. ಗಂಡು ಮೇಲಿದ್ದಾಗ ಬಾಲ ಪಂಪ್ ಹೊಡೆದ ಹಾಗೆ ಮೇಲೆ ಕೆಳಗೆ ಆದ್ರೆ ಕೆಲಸ ಆಯ್ತು ಅಂತ. 14ರಿಂದ 16ನೇ ದಿನಕ್ಕೆ ಸ್ಕ್ಯಾನ್ ಮಾಡ್ಸಿ, ಅವಳಿ ಇದ್ರೆ ಆಗಲೇ ಗೊತ್ತಾಗ್ಬೇಕು, ಕುದುರೆ ಅವಳಿ ಹೊತ್ತು ಉಳಿಸ್ಕೊಳ್ಳೋದು ಬಹಳ ಅಪರೂಪ.

ಹಂತ 9: ಮರಿ ಹಾಕೋ ರಾತ್ರಿ

ಕರಿಯನ ಮರಿ ಇದುವರೆಗೆ ಒಂದೇ. ಮೈಸೂರು ಕಡೆ ಪರಿಚಯದವರ ಫ್ರೀಷಿಯನ್ ಹೆಣ್ಣು, ಎರಡೂ ಕಡೆ ಟೆಸ್ಟ್ ಕ್ಲೀನ್, ಮರಿಗೆ ಮುಖ್ಯ ಪುಸ್ತಕದಲ್ಲಿ ಜಾಗ ಇಲ್ಲ ಅಂತ ಮೊದಲೇ ಬರೆದು ಸಹಿ ಹಾಕಿ ಮಾಡಿದ್ದು. ಡಿಸೆಂಬರಲ್ಲಿ ರಾತ್ರಿ ಎರಡು ಗಂಟೆಗೆ ಮರಿ ಬಿತ್ತು, ಗಂಡು, ಮುಕ್ಕಾಲು ಗಂಟೇಲಿ ಎದ್ದು ನಿಂತ, ಎರಡು ಗಂಟೆ ಒಳಗೆ ಗಿಣ್ಣುಹಾಲು ಕುಡಿದ, ನಾವೆಲ್ಲ ಖುಷೀಲಿ ಕಾಫಿ ಮಾಡಿ ಕುಡಿದ್ವಿ. ಮಾಸು ಬೀಳಲಿಲ್ಲ. ಹಸುಗೆ ಮಾರನೇ ದಿನದವರೆಗೆ ಕಾಯ್ತೀವಲ್ಲ, ಅದೇ ಲೆಕ್ಕದಲ್ಲಿ ಬೆಳಗಾಗ್ಲಿ ಅಂತ ಕೂತ್ವಿ. ಅದೇ ತಪ್ಪು. ಕುದುರೆಗೆ ಮೂರು ಗಂಟೆ ಅಷ್ಟೇ ಗಡುವು. ವೆಟ್ ಬಂದಾಗ ಎಂಟು ಗಂಟೆ ಆಗಿತ್ತು, ಸಂಜೆಗೆ ಜ್ವರ, ಮಾರನೇ ದಿನ ಮುಂಗಾಲಿನ ಗೊರಸು ಮುಟ್ಟಿದ್ರೆ ಬಿಸಿ. ಗರ್ಭಕೋಶ ತೊಳೆದು, ಗೊರಸಿಗೆ ಐಸ್ ಕಟ್ಟಿ, ಹತ್ತು ದಿನ ಒದ್ದಾಡಿ ಉಳಿಸ್ಕೊಂಡ್ವಿ. ಫ್ರೀಷಿಯನ್ ಹೆಣ್ಣುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಣಂತನದಲ್ಲಿ ಮಾಸು ಹೊತ್ತಿಗೆ ಸರಿಯಾಗಿ ಬೀಳಲ್ಲ ಅಂತ ನಾನು ಓದಿದ್ದು ಅದಾದ ಮೇಲೆ.

ಅದಕ್ಕೇ ಹೇಳೋದು, ದಿನ ಹತ್ರ ಬಂದಾಗಲೇ ವೆಟ್‌ಗೆ ಹೇಳಿಟ್ಟಿರಿ, ರಾತ್ರಿ ಫೋನ್ ಎತ್ತೋ ವೆಟ್ ಬೇಕು, ಮಾಸು ಬೀಳಿಸೋಕೆ ಕೊಡೋ ಆಕ್ಸಿಟೋಸಿನ್ ಅವರ ಬ್ಯಾಗಲ್ಲಿ ಇರಲಿ. ಮರಿ ಬಿದ್ದ ಟೈಮ್ ಗೋಡೆ ಮೇಲೆ ಚಾಕಲ್ಲಿ ಬರೀರಿ. ಒಂದು ಗಂಟೇಲಿ ನಿಲ್ಬೇಕು, ಎರಡರಲ್ಲಿ ಕುಡೀಬೇಕು, ಮೂರರಲ್ಲಿ ಮಾಸು. ನೇತಾಡ್ತಿರೋ ಮಾಸನ್ನ ಗಂಟು ಕಟ್ಟಿ ಮೇಲೆತ್ತಿ, ತುಳೀದೇ ಇರಲಿ ಅಂತ, ಎಳೆಯೋದು ಮಾತ್ರ ಬೇಡ. ಬಿದ್ದ ಮೇಲೆ ನೆಲದಲ್ಲಿ ಹರಡಿ ಪ್ಯಾಂಟ್ ಥರ ಎರಡೂ ಕೊಂಬು ಪೂರ್ತಿ ಇದೆಯಾ ನೋಡಿ, ತುದಿ ಹರಿದಿದ್ರೆ ಆ ಚೂರು ಒಳಗೇ ಉಳಿದಿದೆ. ಮರಿಯ ರಕ್ತ ಮಾರನೇ ದಿನ ಪರೀಕ್ಷೆ ಮಾಡ್ಸಿ, ಗಿಣ್ಣುಹಾಲಿನ ರೋಗನಿರೋಧಕ ಸಾಕಷ್ಟು ಸೇರಿದೆಯಾ ಅಂತ. ರಾತ್ರಿ ತಾಯಿ ಮರಿ ಗಟ್ಟಿ ಬಾಗಿಲಿನ ಒಳಗೆ, ಚಿರತೆ ಹುಲಿ ಓಡಾಡೋ ಊರು ನಮ್ಮದು.

ಆ ಮರಿಗೆ ಈಗ ಎರಡು ವರ್ಷ ಹತ್ರ. ಅಪ್ಪನ ಹಾಗೇ ಜೂಲು, ಅಪ್ಪನ ಹಾಗೇ ಎದೆ. ನಂಬರ್ ಬರೋದಿಲ್ಲ ಅಂತ ಗೊತ್ತಿರೋ ಗಂಡು, ಅದಕ್ಕೇ ಈ ಜನವರಿಯಲ್ಲಿ, ಮಳೆ ಇಲ್ಲದ ನೊಣ ಕಮ್ಮಿ ಇರೋ ತಿಂಗಳು ನೋಡಿ, ಬೀಜ ತೆಗೆಸೋದು ಅಂತ ಮಾತಾಗಿದೆ. ಅಷ್ಟರವರೆಗೆ ದಿನಾ ಸಂಜೆ ಅಲ್ಲಿಯ ಹುಡುಗ ಅವನ ಹಿಂಗಾಲು ಕೂದಲು ಬಿಡಿಸಿ ಟಾರ್ಚ್ ಹಾಕಿ ವಿಡಿಯೋ ಕಳಿಸ್ತಾನೆ, ನಾನು ಇಲ್ಲಿ ಕರಿಯನ ಕಾಲು ಮುಗಿಸಿ ಕೈ ತೊಳೆದು ಅದನ್ನ ನೋಡ್ತೀನಿ.